ರೀಮಾಸ್ಟರ್ ಆಟಗಳು: ಮೂಲಪಾಠವನ್ನು ಎಲ್ಲಿಟ್ಟಿದ್ದೀರಿ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಈಚೆಗೆ ಪ್ರಕಟವಾದ ಒಂದು ಕಿರುಬರಹವು, ಹಳೆಯ ವಿಡಿಯೊ ಗೇಮ್‌ಗಳನ್ನು ರೀಮಾಸ್ಟರ್ ಮಾಡಿ ಮತ್ತೆ ಮಾರುವ ರೂಢಿಯನ್ನು ಪ್ರಸ್ತಾಪಿಸಿ, ಒಮ್ಮೆ ಆಡಿ ಮುಗಿಸಿದ ಆಟವನ್ನು ಮತ್ತೆ ದುಡ್ಡು ಕೊಟ್ಟು ಆಡುವುದು ಸಾರ್ಥಕವೇ ಎಂದು ಕೇಳಿ, ಗ್ರಾಫಿಕ್ಸ್ ಚೆನ್ನಾಗಿದ್ದರೆ ಆಡಬಹುದು ಎಂದು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಿತ್ತು. ಪ್ರಶ್ನೆ ಒಳ್ಳೆಯದು, ಉತ್ತರ ಸಾಲದು. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನಿಗೆ ಈ ವಿಷಯದಲ್ಲೇನು ಕೆಲಸ ಎಂದು ಕೆಲವರಿಗೆ ಅನಿಸಬಹುದು. ಇಪ್ಪತ್ತು ವರ್ಷಗಳ ಹಿಂದೆ ಶಿವಮೊಗ್ಗದ ಸೈಬರ್ ಕೆಫೆಗಳಲ್ಲಿ ಗಂಟೆಗೆ ಹದಿನೈದು ರೂಪಾಯಿಯಂತೆ ತೆತ್ತು ಕಳೆದ ಸಂಜೆಗಳು ನನ್ನ ಒಂದು ಅರ್ಹತೆ. ಹಳೆಯ ಪಠ್ಯವನ್ನು ಹೊಸ ಕಾಲದ ಓದುಗರ ಕೈಗೆ ಕೊಡುವಾಗ ಯಾವುದನ್ನು ತಿದ್ದಬಹುದು, ಯಾವುದನ್ನು ಮುಟ್ಟಬಾರದು ಎಂಬುದು ನನ್ನ ಕಸುಬಿನ ದಿನನಿತ್ಯದ ಪ್ರಶ್ನೆಯೇ ಆಗಿರುವುದು ಇನ್ನೊಂದು.

ಮೊದಲಿಗೆ ಮಾತುಗಳನ್ನು ಸ್ವಲ್ಪ ಹಸನು ಮಾಡಿಕೊಳ್ಳಬೇಕು. ರೀಮಾಸ್ಟರ್, ರೀಮೇಕ್, ಡೆಫಿನಿಟಿವ್ ಎಡಿಷನ್, ಆ್ಯನಿವರ್ಸರಿ ಎಡಿಷನ್ ಎಂದೆಲ್ಲ ಹೆಸರಿಟ್ಟು ಮಾರುವ ಸರಕಿನಲ್ಲಿ ಇರುವುದು ಎರಡೇ ಬಗೆ. ಆಟದ ಎಲುಬು-ಕೀಲುಗಳನ್ನು, ಅಂದರೆ ಅದರ ನಿಯಮ, ಅಳತೆ, ಚಲನೆಯ ಲೆಕ್ಕಗಳನ್ನು ಇದ್ದಂತೆಯೇ ಇಟ್ಟುಕೊಂಡು, ಚಿತ್ರ ಮತ್ತು ಧ್ವನಿಯನ್ನು ಇಂದಿನ ಪರದೆಗೆ ಹೊಂದಿಸುವುದು ರೀಮಾಸ್ಟರ್. ಅದೇ ಕಥೆ, ಅದೇ ಪಾತ್ರಗಳನ್ನು ತೆಗೆದುಕೊಂಡು ಆಟವನ್ನು ಬುಡದಿಂದ ಕಟ್ಟುವುದು ರೀಮೇಕ್. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ಓಲೆಗರಿಯ ಕಾವ್ಯವನ್ನು ಪರಿಷ್ಕರಿಸಿ ಅಚ್ಚು ಹಾಕಿದಂತೆ. ಎರಡನೆಯದು ಅದೇ ಕಾವ್ಯವನ್ನು ಗದ್ಯದಲ್ಲಿ ಮರಳಿ ಹೇಳಿದಂತೆ. 2005ರಲ್ಲಿ ಪ್ಲೇಸ್ಟೇಷನ್ 2 ಎಂಬ ಆಟದ ಯಂತ್ರಕ್ಕೆ ಬಂದ ‘ಶ್ಯಾಡೋ ಆಫ್ ದ ಕೊಲೊಸಸ್’ ಎರಡನ್ನೂ ಕಂಡಿದೆ: ಬ್ಲೂಪಾಯಿಂಟ್ ಎಂಬ ಒಂದೇ ಸಂಸ್ಥೆ ಅದನ್ನು 2011ರಲ್ಲಿ ರೀಮಾಸ್ಟರ್ ಮಾಡಿತು, 2018ರಲ್ಲಿ ರೀಮೇಕ್ ಮಾಡಿತು. ಆದರೆ ನಡುವಿನ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. 2025ರ ಏಪ್ರಿಲ್‌ನಲ್ಲಿ, ಘೋಷಣೆಯಾದ ದಿನವೇ ಮಾರಾಟಕ್ಕೂ ಬಂದ ‘ಆಬ್ಲಿವಿಯನ್ ರೀಮಾಸ್ಟರ್ಡ್’, 2006ರ ಆಟದ ಹಳೆಯ ಎಂಜಿನ್ನನ್ನು, ಅಂದರೆ ಆಟವನ್ನು ನಡೆಸುವ ತಂತ್ರಾಂಶವನ್ನು, ಒಳಗೊಳಗೆ ಓಡಿಸುತ್ತಲೇ, ಕಣ್ಣಿಗೆ ಕಾಣುವುದನ್ನೆಲ್ಲ ಅನ್‌ರಿಯಲ್ ಎಂಜಿನ್ 5ರಿಂದ ಬರೆಸುತ್ತದೆ. ಹಳೆಯ ಆಟದಲ್ಲಿ ಪಾತ್ರವೊಂದಕ್ಕೆ ಧ್ವನಿ ಕೊಟ್ಟವರು ಸಾಲು ತಪ್ಪಿ, ‘ತಾಳಿ, ಇನ್ನೊಮ್ಮೆ ಹೇಳುತ್ತೇನೆ’ ಎಂದದ್ದು ಕತ್ತರಿಯ ಕಣ್ಣು ತಪ್ಪಿಸಿ ಉಳಿದುಬಿಟ್ಟಿತ್ತು. ಹೊಸ ಆವೃತ್ತಿಯಲ್ಲಿ ಅದನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದಾರೆ. ಲಿಪಿಕಾರನ ಕೈತಪ್ಪನ್ನೂ ಪ್ರತಿಯ ಭಾಗವೆಂದು ಗೌರವಿಸುವ ಸಂಪಾದಕರನ್ನು ನೋಡಿ ಬಲ್ಲ ನನಗೆ ಇದು ಬಹಳ ಹಿಡಿಸಿತು.

ಕಥೆ ಗೊತ್ತಿರುವ ಆಟವನ್ನು ಮತ್ತೆ ಆಡುವುದೇಕೆ ಎಂಬ ಆಕ್ಷೇಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೊನೆಗೆ ಯಾರು ಗೆಲ್ಲುತ್ತಾರೆಂದು ತಿಳಿದೇ ಬಯಲಾಟಕ್ಕೆ ಚಾಪೆ ಹಿಡಿದು ಹೋಗಿ ಬೆಳಗಿನವರೆಗೆ ಕೂರುವ ಜನ ನಾವು. ಮರಳಿ ಆಡುವವನು ಕಥೆಗಾಗಿ ಆಡುವುದಿಲ್ಲ. ಕೈ ಒಮ್ಮೆ ಕಲಿತ ಲಯವನ್ನು ಮತ್ತೆ ಹುಡುಕಿಕೊಂಡು ಆಡುತ್ತಾನೆ. ಹಾಗಾದರೆ ಕೇಳಬೇಕಾದದ್ದು, ಹೊಸ ಆವೃತ್ತಿಯಲ್ಲಿ ಆ ಲಯ ಉಳಿದಿದೆಯೇ ಎಂದು. ಗ್ರಾಫಿಕ್ಸ್ ಚೆನ್ನಾಗಿದೆಯೇ ಎಂಬುದು ಆಮೇಲಿನ ಮಾತು, ಮತ್ತು ಎಷ್ಟೋ ಸಲ ದಾರಿ ತಪ್ಪಿಸುವ ಮಾತು. ಇದನ್ನು ವಿವರಿಸಲು ನಾನು ಮಂಜಿನ ಎರಡು ಪ್ರಸಂಗಗಳನ್ನು ಹೇಳಬೇಕು.

1999ರಲ್ಲಿ ಕೊನಾಮಿ ಸಂಸ್ಥೆಯ ‘ಸೈಲೆಂಟ್ ಹಿಲ್’ ಎಂಬ ಭಯದ ಆಟ ಮೊದಲ ಪ್ಲೇಸ್ಟೇಷನ್‌ಗೆ ಬಂತು. ಆ ಯಂತ್ರದ ಮುಖ್ಯ ಮೆಮೊರಿ ಬರೀ 2 ಮೆಗಾಬೈಟ್. ಒಂದಿಡೀ ಊರಿನ ಬೀದಿಗಳನ್ನು ದೂರದವರೆಗೆ ಬಿಡಿಸಿ ತೋರಿಸುವ ತ್ರಾಣ ಅದಕ್ಕಿರಲಿಲ್ಲ. ಆದ್ದರಿಂದ ಆಟ ಕಟ್ಟಿದವರು ಊರಿಗೆ ದಟ್ಟವಾದ ಮಂಜು ಕವಿಸಿದರು; ಹತ್ತು ಹೆಜ್ಜೆಯಾಚೆಗೆ ಏನಿದೆಯೆಂದು ಆಡುವವನಿಗೆ ಕಾಣುವುದಿಲ್ಲ, ಯಂತ್ರವೂ ಅದನ್ನು ಬಿಡಿಸಬೇಕಾಗಿಲ್ಲ. ಬಡತನ ಮುಚ್ಚಲು ಹೊದಿಸಿದ ಈ ಹೊದಿಕೆಯೇ ಆಟದ ಜೀವವಾಯಿತು, ಏಕೆಂದರೆ ಭಯ ಹುಟ್ಟುವುದು ಕಾಣುವುದರಿಂದಲ್ಲ, ಕಾಣದಿರುವುದರಿಂದ. 2001ರಲ್ಲಿ ಹೆಚ್ಚು ಶಕ್ತಿಯ ಯಂತ್ರಕ್ಕೆ ಎರಡನೆಯ ಭಾಗ ಬಂದಾಗಲೂ ಮಂಜನ್ನು ಬಿಡಲಿಲ್ಲ. 2012ರಲ್ಲಿ ಎರಡನೆಯ ಮತ್ತು ಮೂರನೆಯ ಭಾಗಗಳನ್ನು ಸೇರಿಸಿ ‘ಎಚ್.ಡಿ. ಕಲೆಕ್ಷನ್’ ತಂದಾಗ, ಕೆಲಸ ವಹಿಸಿಕೊಂಡ ಸ್ಟುಡಿಯೊಗೆ ಸಿಕ್ಕಿದ್ದು ಆಟದ ಪೂರ್ತಿಯಾಗದ ಹಂತದ ಸೋರ್ಸ್ ಕೋಡ್, ಅಂದರೆ ಆಟವನ್ನು ಕಟ್ಟಿದ ಮೂಲ ಬರಹ. ಅಂತಿಮ ಪ್ರತಿ ಸಂಸ್ಥೆಯ ಬಳಿಯೇ ಉಳಿದಿರಲಿಲ್ಲ. ಕರಡುಪ್ರತಿಯಿಂದ ಕಟ್ಟಿದ ಆ ಆವೃತ್ತಿಯಲ್ಲಿ ಮಂಜು ತೆಳುವಾಯಿತು, ನೀರಿನ ಮೇಲೆ ಅದು ಕೂರಲಿಲ್ಲ, ಕೆಲವು ಕಡೆ ಆಟದ ಜಗತ್ತು ಮುಗಿದು ಅಂಚು ಬೋಳಾಗಿ ಕಂಡಿತು. ರೇಖೆಗಳು ಹಿಂದಿಗಿಂತ ಚೂಪಾಗಿದ್ದವು. ಭಯ ಮಾತ್ರ ಇರಲಿಲ್ಲ.

ಎರಡನೆಯ ಪ್ರಸಂಗ ಇನ್ನೂ ಪ್ರಸಿದ್ಧವಾದದ್ದು. 2001ರ ‘ಜಿ.ಟಿ.ಎ. (ಗ್ರ್ಯಾಂಡ್ ಥೆಫ್ಟ್ ಆಟೊ) 3’, 2002ರ ‘ವೈಸ್ ಸಿಟಿ’, 2004ರ ‘ಸ್ಯಾನ್ ಆಂಡ್ರಿಯಾಸ್’ ಆಟಗಳನ್ನು ಸೈಬರ್ ಕೆಫೆಯ ಕಾಲದ ಕನ್ನಡ ಹುಡುಗರಿಗೆ ಪರಿಚಯಿಸಬೇಕಾಗಿಲ್ಲ. ಅಮೆರಿಕದ ಬೀದಿಗಳ ಅಣಕವಾಗಿ ಸ್ಕಾಟ್ಲೆಂಡಿನಲ್ಲಿ ಕುಳಿತವರು ಕಟ್ಟಿದ ಊರುಗಳ ದಾರಿ ನಮ್ಮಲ್ಲಿ ಎಷ್ಟೋ ಮಂದಿಗೆ ಬೆಂಗಳೂರಿನ ದಾರಿಗಿಂತ ಮೊದಲೇ ಬಾಯಿಪಾಠವಾಗಿತ್ತು. ಈ ಮೂರನ್ನೂ ಸೇರಿಸಿ 2021ರ ನವೆಂಬರ್‌ನಲ್ಲಿ ‘ಡೆಫಿನಿಟಿವ್ ಎಡಿಷನ್’ ಬಂತು. ಸ್ಯಾನ್ ಆಂಡ್ರಿಯಾಸ್‌ನ ಮೂಲದಲ್ಲಿ ಮೂರು ನಗರ, ನಡುವೆ ಮರುಭೂಮಿ, ಕಾಡು, ಬೆಟ್ಟಗಳಿದ್ದವು. ಪ್ಲೇಸ್ಟೇಷನ್ 2ರ 32 ಮೆಗಾಬೈಟ್ ಮೆಮೊರಿಯಲ್ಲಿ ಅಷ್ಟನ್ನೂ ಒಟ್ಟಿಗೆ ತೋರಿಸುವುದು ಸಾಧ್ಯವಿರದಿದ್ದರಿಂದ ದೂರವೆಲ್ಲ ಮಬ್ಬು, ಕಿತ್ತಳೆ ಬಣ್ಣದ ಧೂಳಿನಂಥ ಮಂಜು. ಆ ಮಬ್ಬಿನೊಳಗೆ ಕಾರು ಓಡಿಸುತ್ತಿದ್ದರೆ ಒಂದು ಊರಿನಿಂದ ಇನ್ನೊಂದಕ್ಕೆ ನಿಜವಾಗಿಯೂ ಪ್ರಯಾಣ ಮಾಡಿದಂತೆ ಅನಿಸುತ್ತಿತ್ತು. ಹೊಸ ಆವೃತ್ತಿಯಲ್ಲಿ ಮಂಜು ತೆಗೆದರು. ಬೆಟ್ಟದ ಮೇಲೆ ನಿಂತರೆ ಅತ್ತ ಒಂದು ನಗರ, ಇತ್ತ ಇನ್ನೊಂದು ನಗರ, ಎರಡೂ ಕೈಗೆಟುಕುವಂತೆ ಕಂಡವು. ಇಡೀ ರಾಜ್ಯವೆಂದು ನಂಬಿದ್ದದ್ದು ವಸ್ತುಪ್ರದರ್ಶನದ ಮಾದರಿ ಊರಿನಷ್ಟೇ ಎಂದು ಬಯಲಾಯಿತು. ಅದರ ಜೊತೆಗೆ, ಹಳೆಯ ಚಿತ್ರಗಳನ್ನು ಯಂತ್ರದಿಂದಲೇ ಹಿಗ್ಗಿಸಿ ಚೂಪು ಮಾಡಿಸಿದ್ದರ ಫಲವಾಗಿ ಅಂಗಡಿಗಳ ಬೋರ್ಡುಗಳಲ್ಲಿ ಅಕ್ಷರಗಳು ತಪ್ಪಾದವು. ಡೋನಟ್ ಅಂಗಡಿಯೊಂದರ ನೆತ್ತಿಯ ಮೇಲೆ, ಅಂಗಡಿಯ ಹೆಸರಿನಲ್ಲಿದ್ದ ‘ನಟ್’ ಎಂಬ ಮಾತಿನೊಂದಿಗೆ ಶ್ಲೇಷೆ ಮಾಡಿ, ಆರು ಮೂಲೆಯ ನಟ್ಟೊಂದನ್ನು ಕೂರಿಸಿದ್ದರು. ಅದನ್ನೂ ಉಜ್ಜಿ ದುಂಡಗೆ ಮಾಡಿಟ್ಟರು. ಶ್ಲೇಷೆ ಅರ್ಥವಾಗದ ಲಿಪಿಕಾರ ಅದನ್ನು ತಪ್ಪೆಂದು ತಿದ್ದುವುದು ನಮ್ಮ ಹಸ್ತಪ್ರತಿಗಳಲ್ಲಿಯೂ ನಡೆದಿದೆ, ಆದರೆ ಅವನು ಅದಕ್ಕೆ ಹೊಸ ಬೆಲೆ ಕೇಳುತ್ತಿರಲಿಲ್ಲ.

ಕೆಲವೇ ದಿನಗಳಲ್ಲಿ, ಈ ಆಟಗಳನ್ನು ಹೊರತಂದ ರಾಕ್‌ಸ್ಟಾರ್ ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿತು. ಹೊಸದು ಬರುವ ಮುನ್ನ ಅಂಗಡಿಯಿಂದ ತೆಗೆದುಹಾಕಿದ್ದ ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಆಡುವವರಿಗಾಗಿ ಮತ್ತೆ ಮಾರಾಟಕ್ಕಿಡುವುದಾಗಿಯೂ ಹೇಳಿತು. ಮುಂದೆ 2024ರ ನವೆಂಬರ್‌ನಲ್ಲಿ ಬಂದ ಪ್ಯಾಚ್‌ನಲ್ಲಿ, ಅಂದರೆ ತಿದ್ದುಪಡಿಯಲ್ಲಿ, ‘ಕ್ಲಾಸಿಕ್ ಲೈಟಿಂಗ್’ ಎಂಬ ಆಯ್ಕೆ ಸೇರಿಸಿ ಹಳೆಯ ಬೆಳಕನ್ನೂ ಮಬ್ಬನ್ನೂ ಹಿಂದಕ್ಕೆ ತಂದರು. ಮೂರು ವರ್ಷಗಳ ದುಡಿಮೆಯ ನಂತರ ಕೊಟ್ಟ ದೊಡ್ಡ ಉಡುಗೊರೆ ಎಂದರೆ, ಮೊದಲು ಇದ್ದದ್ದೇ! ಇದರಲ್ಲಿ ನಗುವಂಥದ್ದು ಇದೆ, ಆದರೆ ನಾನು ಇದನ್ನು ಗೆಲುವೆಂದೇ ಎಣಿಸುತ್ತೇನೆ. ತಿದ್ದಿದ್ದನ್ನು ತಿದ್ದಲು ಸಾಧ್ಯವಾದದ್ದು, ಹೋಲಿಸಿ ನೋಡಿ ತಗಾದೆ ಎತ್ತಲು ಮೂಲವು ಜನರ ಬಳಿ ಉಳಿದಿದ್ದರಿಂದ.

ನನ್ನ ವಾದದ ತಿರುಳು ಇಲ್ಲಿದೆ. ಗ್ರಂಥಸಂಪಾದನೆಯಲ್ಲಿ ಒಂದು ಶಿಸ್ತುಂಟು: ಸಂಪಾದಕನು ತನಗೆ ಸರಿಕಂಡ ಪಾಠವನ್ನು ಮೇಲೆ ಅಚ್ಚು ಹಾಕಿಸಬಹುದು, ಆದರೆ ಉಳಿದ ಪ್ರತಿಗಳಲ್ಲಿ ಇದ್ದದ್ದನ್ನು ಪುಟದ ಕೆಳಗೆ ಪಾಠಾಂತರವಾಗಿ ಕೊಡಲೇಬೇಕು. ಓದುಗ ಅವನನ್ನು ನಂಬುವುದು ಅವನ ಜಾಣತನಕ್ಕಲ್ಲ, ಆ ಅಡಿಟಿಪ್ಪಣಿಗಾಗಿ. ಆಟಗಳ ಲೋಕದಲ್ಲಿ ಈ ಅಡಿಟಿಪ್ಪಣಿಯನ್ನು ಕೆಲವರು ಬಹು ಸೊಗಸಾಗಿ ಮಾಡಿದ್ದಾರೆ. 1990ರ ‘ಮಂಕಿ ಐಲೆಂಡ್’ ಆಟವು 2009ರಲ್ಲಿ ಹೊಸ ಚಿತ್ರಗಳೊಂದಿಗೆ ಬಂದಾಗ, ಒಂದು ಕೀ ಒತ್ತಿದರೆ ಅದೇ ದೃಶ್ಯ ಹಳೆಯ ಚುಕ್ಕಿಚಿತ್ರಗಳಿಗೆ ತಿರುಗುತ್ತಿತ್ತು. 2001ರ ‘ಹೇಲೊ’ಗೆ ಹತ್ತು ವರ್ಷ ತುಂಬಿದಾಗ ಬಂದ ಆವೃತ್ತಿಯಲ್ಲಿ, ಗುಂಡಿನ ಮಳೆಯ ನಡುವೆಯೂ ಒಂದು ಬಟನ್ ಒತ್ತಿ ಹಳತು-ಹೊಸತುಗಳ ನಡುವೆ ಹೋಗಿ ಬರಬಹುದಾಗಿತ್ತು, ಕತ್ತಲ ಜೌಗಿನಲ್ಲಿ ನಡೆಯುವ ಅಧ್ಯಾಯಕ್ಕೆ ಹೊಸ ಆವೃತ್ತಿ ಎಷ್ಟು ಬೇಡದ ಬೆಳಕು ಸುರಿದಿದೆ ಎಂಬುದನ್ನು ಆ ಬಟನ್ನೇ ಬಯಲು ಮಾಡುತ್ತದೆ. 2017ರ ‘ಸ್ಟಾರ್‌ಕ್ರಾಫ್ಟ್’, 2021ರ ‘ಡಯಾಬ್ಲೊ 2’ ರೀಮಾಸ್ಟರ್‌ಗಳಲ್ಲೂ ಈ ಅನುಕೂಲವಿದೆ. ತನ್ನನ್ನು ಮೂಲದೊಂದಿಗೆ ಹೋಲಿಸಿ ನೋಡು ಎಂದು ಆಡುವವನ ಕೈಗೇ ತಕ್ಕಡಿ ಕೊಡುವ ಆವೃತ್ತಿಯನ್ನು ನಾನು ಎರಡನೆಯ ಯೋಚನೆಯಿಲ್ಲದೆ ಕೊಳ್ಳುತ್ತೇನೆ.

ಇದರ ಬೆಲೆ ಏನೆಂದು ನನಗೆ ಮನದಟ್ಟಾದದ್ದು ‘ಟೂಂಬ್ ರೇಡರ್’ನಿಂದ. 1996ರಲ್ಲಿ ಇಂಗ್ಲೆಂಡಿನ ಡರ್ಬಿ ಊರಿನ ಕೋರ್ ಡಿಸೈನ್ ಸಂಸ್ಥೆ ಮಾಡಿದ ಈ ಆಟದ ಮೊದಲ ಮೂರು ಭಾಗಗಳು 2024ರ ಫೆಬ್ರುವರಿಯಲ್ಲಿ ರೀಮಾಸ್ಟರ್ ಆಗಿ ಬಂದವು. ಎಂಟನೆಯ ತರಗತಿಯಲ್ಲಿ ಓದುವ ನನ್ನ ಮಗಳು ಬೇಸಿಗೆ ರಜೆಯಲ್ಲಿ ಅದನ್ನು ಆಡಲು ಕುಳಿತಳು, ನಾನು ಪಕ್ಕದಲ್ಲಿ. ಮೊದಲ ದಿನ ಅವಳು ಆರಿಸಿಕೊಂಡದ್ದು ಹೊಸ ಚಿತ್ರ, ಹೊಸ ಕಂಟ್ರೋಲು. ಎರಡು ಗಂಟೆಯಲ್ಲಿ ಹತ್ತಾರು ಸಲ ಕಂದಕಕ್ಕೆ ಬಿದ್ದು, ‘ಅಪ್ಪಾ, ಈ ಆಟವೇ ಸರಿಯಿಲ್ಲ’ ಎಂದು ಎದ್ದುಬಿಟ್ಟಳು. ಆಟ ಸರಿಯಾಗಿಯೇ ಇತ್ತು. ಆ ಹಳೆಯ ಗುಹೆಗಳನ್ನೆಲ್ಲ ಒಂದೇ ಅಳತೆಯ ಚೌಕಗಳಿಂದ ಕಟ್ಟಿದ್ದಾರೆ. ಆಟದ ನಾಯಕಿ ಲಾರಾ ನಿಂತಲ್ಲಿಂದ ನೆಗೆದರೆ ಒಂದು ಚೌಕ ದಾಟುತ್ತಾಳೆ, ಓಡಿ ನೆಗೆದರೆ ಎರಡು, ನೆಗೆದು ಅಂಚನ್ನು ಕೈಯಲ್ಲಿ ಹಿಡಿದರೆ ಮೂರು. ಅಂಚಿನವರೆಗೆ ಮೆಲ್ಲಗೆ ನಡೆದು ಹೋಗಿ ನಿಂತು, ಅಲ್ಲಿಂದ ಹಿಂದಕ್ಕೆ ಒಂದು ಕುಪ್ಪಳಿಸಿದರೆ, ಓಡಿ ನೆಗೆಯಲು ಬೇಕಾದಷ್ಟೇ ಜಾಗ ಸಿಗುತ್ತದೆ. ಹಳೆಯ ಕಂಟ್ರೋಲು ಮೊದಮೊದಲು ಎತ್ತಿನ ಗಾಡಿ ತಿರುಗಿಸಿದಷ್ಟು ಭಾರವೆನಿಸುತ್ತದೆ, ನಿಜ. ಆದರೆ ಅದು ಈ ಲೆಕ್ಕದ ಮೇಲೆಯೇ ನಿಂತಿದೆ, ಷಟ್ಪದಿ ಮಾತ್ರೆಗಳ ಮೇಲೆ ನಿಂತ ಹಾಗೆ. ಹೊಸ ಕಂಟ್ರೋಲಿನಲ್ಲಿ ಲಾರಾ ಬೇಕಾದ ದಿಕ್ಕಿಗೆ ಸಲೀಸಾಗಿ ಓಡುತ್ತಾಳೆ, ಚೌಕದ ಲೆಕ್ಕ ಮಾತ್ರ ಕೈತಪ್ಪುತ್ತದೆ. ಮಾರನೆಯ ದಿನ ಹಳೆಯ ಕಂಟ್ರೋಲಿಗೆ ಬದಲಿಸಿ, ಚೌಕ ಎಣಿಸುವುದನ್ನು ಹೇಳಿಕೊಟ್ಟೆ. ವಾರದೊಳಗೆ ಅವಳು ನನಗಿಂತ ಮುಂದೆ ಹೋದಳು.

ಚಿತ್ರದ ವಿಷಯದಲ್ಲಿ ಅವಳೇ ಒಂದು ಪದ್ಧತಿ ಮಾಡಿಕೊಂಡಳು. ಹೊಸ ಚಿತ್ರದಲ್ಲಿ ಕಲ್ಲು, ಬಳ್ಳಿ, ಕಿಂಡಿಯಿಂದ ಬೀಳುವ ಬಿಸಿಲು ಎಲ್ಲವೂ ಚೆಂದ. ಆದರೆ ಆ ನೆರಳುಗಳಲ್ಲಿ ನೆಲದ ಮೇಲೆ ಬಿದ್ದ ಬೀಗದಕೈ ಕಾಣುವುದಿಲ್ಲ. ಹಳೆಯ ಚಿತ್ರದಲ್ಲಿ ಎಲ್ಲವೂ ಸಪಾಟು, ಬೀಗದಕೈ ಮಾತ್ರ ಎದ್ದು ಕಾಣುತ್ತದೆ. ಆದ್ದರಿಂದ ನೋಡಲು ಹೊಸದು, ಹುಡುಕಲು ಹಳೆಯದು. ಕಣಿವೆಯೊಂದರಲ್ಲಿ ಡೈನೊಸಾರ್ ಎದುರಾಗುವ ಪ್ರಸಿದ್ಧ ಘಟ್ಟ ಬಂದಾಗ ಮಾತ್ರ ನಾನು ಹಳೆಯ ಚಿತ್ರಕ್ಕೆ ಬದಲಿಸು ಎಂದೆ. 1996ರ ಯಂತ್ರ ದೂರವನ್ನು ಬಿಡಿಸಲಾರದೆ ಕಪ್ಪಾಗಿ ಬಿಟ್ಟುಬಿಡುತ್ತಿತ್ತು. ಮೊದಲು ನೆಲ ನಡುಗುತ್ತದೆ, ಆಮೇಲೆ ಆ ಕಪ್ಪಿನೊಳಗಿಂದ ಮೂತಿ ಹೊರಬರುತ್ತದೆ. ಅವಳು ಕೂಗಿದ್ದು ಅಡುಗೆಮನೆಗೆ ಕೇಳಿಸಿತು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಆ ಕಾಲದ ಆಟದಲ್ಲಿ ಬೇರೆ ಬೇರೆ ಜನಾಂಗಗಳನ್ನು ಚಿತ್ರಿಸಿದ ರೀತಿಯಲ್ಲಿ ಇಂದು ಒಪ್ಪಲಾಗದ ಅಂಶಗಳಿವೆ. ಅವನ್ನು ಅಳಿಸದೆ, ಇವು ನೋವುಂಟುಮಾಡುವಂಥವು, ಸಮರ್ಥಿಸಲಾಗದವು, ಆದರೆ ಮುಚ್ಚಿಡುವುದಕ್ಕಿಂತ ತೋರಿಸಿ ಒಪ್ಪಿಕೊಳ್ಳುವುದು ಲೇಸು ಎಂಬರ್ಥದ ಒಂದು ಸೂಚನೆಯನ್ನು ಆರಂಭದಲ್ಲಿ ಹಾಕಿದ್ದಾರೆ. ಪೀಠಿಕೆ ಇರುವ ಆಟ ಎಂದು ನನಗೆ ಸಂತೋಷವಾಯಿತು.

ಮೂಲವನ್ನು ಹಾಗೆಯೇ ಇಡುವುದೊಂದೇ ದಾರಿ ಎಂದು ನಾನು ಹೇಳುತ್ತಿಲ್ಲ. ಸಾಮ್ರಾಜ್ಯ ಕಟ್ಟಿ ಕಾದಾಡುವ 1999ರ ಆಟ ‘ಏಜ್ ಆಫ್ ಎಂಪೈರ್ಸ್ 2’ ಇದಕ್ಕೆ ವಿರುದ್ಧವಾದ ಉದಾಹರಣೆ, ಮತ್ತು ಪ್ರಾಯಶಃ ಎಲ್ಲಕ್ಕಿಂತ ಒಳ್ಳೆಯದು. ಅದನ್ನು ಮಾಡಿದ ಎನ್‌ಸೆಂಬಲ್ ಸ್ಟುಡಿಯೊಸ್ 2009ರಲ್ಲಿ ಮುಚ್ಚಿಹೋಯಿತು. ಆಟವನ್ನು ಬದುಕಿಸಿಕೊಂಡು ಬಂದದ್ದು ಅಭಿಮಾನಿಗಳು. ಅವರೇ ಕಟ್ಟಿದ್ದ ಒಂದು ಉಚಿತ ಸೇರ್ಪಡೆ ಮುಂದೆ ಅಧಿಕೃತ ಆವೃತ್ತಿಯಾಯಿತು, ಅದೇ ತಂಡ 2019ರ ‘ಡೆಫಿನಿಟಿವ್ ಎಡಿಷನ್’ನಲ್ಲೂ ಕೈಜೋಡಿಸಿತು. ಹಾಗಾಗಿ ಇಲ್ಲಿ ತಿದ್ದಿದವರಿಗೆ ಯಾವುದು ಮುಳ್ಳು, ಯಾವುದು ಬೇರು ಎಂದು ಗೊತ್ತಿತ್ತು. ಹಳೆಯ ಆಟದಲ್ಲಿ ಹೊಲದ ಸಾರ ಮುಗಿದಾಗ ರೈತ ಸುಮ್ಮನೆ ನಿಂತುಬಿಡುತ್ತಿದ್ದ. ಯುದ್ಧದ ನಡುವೆ ಒಂದೊಂದೇ ಹೊಲವನ್ನು ಹುಡುಕಿ, ಅರವತ್ತು ಕಟ್ಟಿಗೆ ತೆತ್ತು ಮತ್ತೆ ಬಿತ್ತಿಸಬೇಕಿತ್ತು. ಈಗ ಅದು ತಾನಾಗಿ ನಡೆಯುತ್ತದೆ. ಆದರೆ ಕಟ್ಟಿಗೆಯ ಲೆಕ್ಕ, ಕುದುರೆಗೆ ಈಟಿ, ಈಟಿಗೆ ಬಿಲ್ಲು ಎಂಬ ಸಮತೂಕ, ಮೊದಲ ಹತ್ತು ನಿಮಿಷಗಳ ಧಾವಂತ ಯಾವುದೂ ಅಲುಗಿಲ್ಲ. 2022ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಕೋಟೆಯೊಳಗೆ ಈ ಆಟದ ಪಂದ್ಯಾವಳಿ ನಡೆಯಿತೆಂದರೆ, ಇಪ್ಪತ್ತಮೂರು ವರ್ಷದ ಆಟಕ್ಕೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಏನಿದೆ? ಹಾಸ್ಟೆಲಿನಲ್ಲಿ ನನ್ನೊಂದಿಗಿದ್ದ ಮೂವರು ಗೆಳೆಯರಲ್ಲಿ ಒಬ್ಬ ದುಬೈನಲ್ಲಿ, ಒಬ್ಬ ಟೊರಾಂಟೊದಲ್ಲಿ, ಒಬ್ಬ ಹುಬ್ಬಳ್ಳಿಯಲ್ಲಿದ್ದಾನೆ. ಭಾನುವಾರಗಳಲ್ಲಿ ನಾವು ನಾಲ್ವರೂ ಸೇರುವುದು ಈ ಆಟದಲ್ಲಿ, ಮತ್ತು ನಡುನಡುವೆ ಬೈದಾಡುವುದು ಶುದ್ಧ ಹಾಸ್ಟೆಲ್ ಕನ್ನಡದಲ್ಲಿ.

ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಸೇರ್ಪಡೆಯಲ್ಲಿ, ಅಲ್ಲಿಯವರೆಗೆ ‘ಇಂಡಿಯನ್ಸ್’ ಎಂಬ ಒಂದೇ ಗಂಟಾಗಿದ್ದದ್ದನ್ನು ಬಿಡಿಸಿ ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕು ಮಾಡಿದರು. ದ್ರಾವಿಡ ಸೈನಿಕರು ಮಾತನಾಡುವುದು ತಮಿಳು. ಚಾಲುಕ್ಯ, ಹೊಯ್ಸಳರ ನಾಡಿನವನಾದ ನನಗೆ ಸಣ್ಣದೊಂದು ಕೊರಗು ಉಂಟು. ಆದರೂ ಮೂಲದ ತಪ್ಪನ್ನು ಕಂಡು, ಅದರ ಮೇಲೆ ಹೊಸ ಕೆಲಸ ಮಾಡಿದ ಆವೃತ್ತಿ ಅದು. ಇಂಥ ಆಟವನ್ನು ಮತ್ತೆ ಆಡುವುದು ಸಾರ್ಥಕವೇ ಎಂದು ಕೇಳುವುದೇ ಅನಾವಶ್ಯಕ.

ಇನ್ನು ನನ್ನ ಸಿಟ್ಟಿನ ವಿಷಯ. 2002ರ ‘ವಾರ್‌ಕ್ರಾಫ್ಟ್ 3’, 2020ರ ಜನವರಿಯಲ್ಲಿ ‘ರೀಫೋರ್ಜ್ಡ್’ ಎಂಬ ಹೆಸರಿನಲ್ಲಿ ಬಂತು. ಹೊಸದಾಗಿ ಸಂಯೋಜಿಸುವುದಾಗಿ ಹೇಳಿದ್ದ ಕಥಾದೃಶ್ಯಗಳು ಬರಲಿಲ್ಲ ಎಂಬುದನ್ನು ಬಿಡೋಣ. ದೊಡ್ಡ ಅನ್ಯಾಯವೆಂದರೆ, ಹೊಸದನ್ನು ಕೊಳ್ಳದೆ ಹಳೆಯ ಆಟವನ್ನೇ ಇಂಟರ್ನೆಟ್ಟಿನಲ್ಲಿ ಆಡುತ್ತಿದ್ದವರ ಕಂಪ್ಯೂಟರಿನಲ್ಲೂ ಹಳೆಯ ತಂತ್ರಾಂಶದ ಜಾಗಕ್ಕೆ ಹೊಸದೇ ಬಂದು ಕುಳಿತಿತು. ಆಟಗಾರರೇ ಮಾಡಿದ ನಕ್ಷೆಯೊಂದರಿಂದ ‘ಡೋಟಾ’ದಂಥ ಬೇರೆಯೇ ಪ್ರಕಾರ ಹುಟ್ಟಿದ ಆಟ ಅದು ಎಂಬುದನ್ನು ನೆನೆದರೆ ನೋವು ಹೆಚ್ಚುತ್ತದೆ. 2024ರ ನವೆಂಬರ್‌ನಲ್ಲಿ ಅದೇ ಸರಣಿಯ ಮೊದಲೆರಡು ಆಟಗಳಿಗೂ ರೀಮಾಸ್ಟರ್ ಬಂತು. ಅದರ ಬೆನ್ನಿಗೇ, ಡಿಸೆಂಬರ್‌ನಲ್ಲಿ, ಗಾಗ್ ಎಂಬ ಆನ್‌ಲೈನ್ ಅಂಗಡಿಯಲ್ಲಿದ್ದ ಆ ಎರಡರ ಮೂಲ ಆವೃತ್ತಿಗಳ ಮಾರಾಟ ನಿಂತಿತು. ಕೊಂಡವರಿಗೆ ಅವು ಮುಂದೆಯೂ ನಡೆಯುವಂತೆ ನೋಡಿಕೊಳ್ಳುತ್ತೇವೆ ಎಂದು ಆ ಅಂಗಡಿ ಮಾತು ಕೊಟ್ಟಿತು. ಹೊಸಬರಿಗೆ ಬಾಗಿಲು ಮುಚ್ಚಿತು. ಪರಿಷ್ಕೃತ ಮುದ್ರಣ ಬಂತೆಂದು ಗ್ರಂಥಾಲಯದಿಂದ ಹಳೆಯ ಮುದ್ರಣವನ್ನು ಹೊರಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ನನಗೂ ಒಮ್ಮೆ ಹೀಗಾಗಿದೆ. ಹೆಸರು ಬೇಡ, ನಾನು ನ್ಯಾಯವಾಗಿ ಕೊಂಡಿದ್ದ ಒಂದು ಆಟ ಒಂದು ರಾತ್ರಿ ತಾನಾಗಿ ಹೊಸ ಆವೃತ್ತಿಗೆ ಬದಲಾಗಿ, ಆಟ ಎಲ್ಲಿಯವರೆಗೆ ಬಂದಿದೆ ಎಂದು ಮೂರು ವರ್ಷದಿಂದ ಉಳಿಸಿಕೊಂಡು ಬಂದಿದ್ದ ನನ್ನ ಸೇವ್ ಫೈಲುಗಳು ತೆರೆಯದಾದವು. ಸಹಾಯಕ್ಕೆ ಬರೆದ ಪತ್ರಕ್ಕೆ, ತಾವು ಈಗ ಹೆಚ್ಚು ಉತ್ತಮವಾದ ಆಟದ ಒಡೆಯರಾಗಿದ್ದೀರಿ ಎಂದು ಉತ್ತರ ಬಂತು.

ಇದನ್ನೆಲ್ಲ ಓದಿ, ರೀಮಾಸ್ಟರ್‌ಗಳೇ ಬೇಡ ಎಂದು ಯಾರಾದರೂ ತೀರ್ಮಾನಿಸಿದರೆ ಅದೂ ತಪ್ಪು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಆಗ ಯಾವ ಅಂಗಡಿಯಲ್ಲೂ ಹೊಸದಾಗಿ ಕೊಳ್ಳಲು ಸಿಗುತ್ತಿರಲಿಲ್ಲ. ಪುಸ್ತಕವಾದರೆ ಎಲ್ಲೋ ಒಂದು ಗ್ರಂಥಾಲಯದ ಧೂಳಿನಲ್ಲಿ ಉಳಿದಿರುತ್ತದೆ. ನಮ್ಮಲ್ಲಂತೂ 1954ರ ಕಾಯ್ದೆಯಂತೆ ಪ್ರಕಾಶಕರು ಕೋಲ್ಕತ್ತ ಮೊದಲಾದೆಡೆಯ ಗ್ರಂಥಾಲಯಗಳಿಗೆ ಪ್ರತಿ ಕಳಿಸಲೇಬೇಕು. ಆಟಕ್ಕೆ ಆ ಭಾಗ್ಯವಿಲ್ಲ. ಯಂತ್ರ ಹಳತಾಗುತ್ತದೆ, ಡಿಸ್ಕ್ ಕೆಡುತ್ತದೆ, ಹಕ್ಕು ಯಾರ ಕೈಯಲ್ಲಿದೆಯೆಂದೇ ಮರೆತುಹೋಗುತ್ತದೆ. 1999ರ ‘ಸಿಸ್ಟಮ್ ಶಾಕ್ 2’ರ ಹಕ್ಕು ಕೊನೆಗೆ ಪತ್ತೆಯಾದದ್ದು ಒಂದು ವಿಮಾ ಕಂಪನಿಯ ಬಳಿ! ನೈಟ್‌ಡೈವ್ ಎಂಬ ಸಂಸ್ಥೆ ಅದನ್ನು ಬಿಡಿಸಿಕೊಂಡು 2013ರಲ್ಲಿ ಮತ್ತೆ ಮಾರಾಟಕ್ಕೆ ತಂದಿತು, 2025ರಲ್ಲಿ ರೀಮಾಸ್ಟರ್ ಮಾಡಿತು. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ನಾವು ಆಡುತ್ತಿದ್ದ ‘ಪ್ರಿನ್ಸ್ ಆಫ್ ಪರ್ಶಿಯಾ’ದ ಮೂಲ ಕೋಡ್, ಅದನ್ನು 1989ರಲ್ಲಿ ರಚಿಸಿದ ಜಾರ್ಡನ್ ಮೆಕ್ನರ್ ಅವರ ತಂದೆಯ ಮನೆಯ ಕಪಾಟಿನ ಹಿಂಭಾಗದಲ್ಲಿ, ಫ್ಲಾಪಿಗಳ ಪೆಟ್ಟಿಗೆಯಲ್ಲಿ ಸಿಕ್ಕಿದ್ದು 2012ರಲ್ಲಿ. 1997ರ ‘ಬ್ಲೇಡ್ ರನ್ನರ್’ ಆಟದ ಕೋಡ್ ಸಿಗಲೇ ಇಲ್ಲ. 2022ರಲ್ಲಿ ಅದಿಲ್ಲದೆಯೇ ತಂದ ‘ಎನ್‌ಹ್ಯಾನ್ಸ್ಡ್’ ಆವೃತ್ತಿ ಮೂಲಕ್ಕಿಂತ ಮಸುಕಾಗಿದೆ ಎಂದು ಆಡಿದವರು ದೂರಿದಾಗ, ಅಂಗಡಿಯಿಂದ ತೆಗೆದಿದ್ದ ಮೂಲವನ್ನು ಮತ್ತೆ ಇಡಬೇಕಾಯಿತು.

ಈ ಕೆಲಸ ಎಷ್ಟು ಕಷ್ಟದ್ದೆಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. 2003ರ ‘ಪ್ರಿನ್ಸ್ ಆಫ್ ಪರ್ಶಿಯಾ: ದ ಸ್ಯಾಂಡ್ಸ್ ಆಫ್ ಟೈಮ್’ ಆಟದ ರೀಮೇಕ್ ಹೊಣೆ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬಯಿ ಸ್ಟುಡಿಯೊಗಳಿಗೆ ಸಿಕ್ಕಿದೆ ಎಂದು 2020ರಲ್ಲಿ ಘೋಷಣೆಯಾದಾಗ ನನಗೆ ಹೆಮ್ಮೆಯಾಗಿತ್ತು. ಮೊದಲ ತುಣುಕು ನೋಡಿದವರ ಮೆಚ್ಚುಗೆ ಸಿಗಲಿಲ್ಲ, ಬಿಡುಗಡೆ ಮುಂದಕ್ಕೆ ಹೋಯಿತು, 2022ರಲ್ಲಿ ಕೆಲಸವನ್ನು ಮೂಲ ಆಟ ಮಾಡಿದ್ದ ಮಾಂಟ್ರಿಯಲ್ ಸ್ಟುಡಿಯೊಗೇ ಒಪ್ಪಿಸಲಾಯಿತು. ಹಳೆಯದನ್ನು ಹೊಸದು ಮಾಡುವುದು ಹೊಸದನ್ನೇ ಮಾಡುವುದಕ್ಕಿಂತ ಸುಲಭವೆಂದು ತಿಳಿದವರು ಇದನ್ನು ಗಮನಿಸಬೇಕು.

ಬೆಲೆಯ ಬಗ್ಗೆ ಎರಡು ಮಾತು. ‘ದ ಲಾಸ್ಟ್ ಆಫ್ ಅಸ್’ 2013ರಲ್ಲಿ ಬಂತು, 2014ರಲ್ಲಿ ರೀಮಾಸ್ಟರ್ ಆಯಿತು, 2022ರಲ್ಲಿ ‘ಪಾರ್ಟ್ 1’ ಎಂಬ ಹೆಸರಿನಲ್ಲಿ ರೀಮೇಕ್ ಆಗಿ 70 ಡಾಲರಿಗೆ ಮಾರಾಟಕ್ಕೆ ನಿಂತಿತು. ಒಂಬತ್ತು ವರ್ಷದಲ್ಲಿ ಮೂರು ಸಲ ಅದೇ ಕಣ್ಣೀರಿಗೆ ದುಡ್ಡು ಕೊಡುವುದು ನನ್ನಂಥ ಮೇಷ್ಟ್ರ ಸಂಬಳಕ್ಕೆ ನಿಲುಕುವುದಿಲ್ಲ ಎಂದು ನಾನು ನಕ್ಕಿದ್ದೆ. ಆಮೇಲೆ ತಿಳಿಯಿತು: ಆ ಮೂರನೆಯ ಆವೃತ್ತಿಯಲ್ಲಿ, ಕಥಾದೃಶ್ಯಗಳಲ್ಲಿ ನಡೆಯುವುದನ್ನು ಕಣ್ಣು ಕಾಣದವರಿಗೆ ಮಾತಿನಲ್ಲಿ ವಿವರಿಸುವ ವ್ಯವಸ್ಥೆ ಸೇರಿದೆ. ಅವರ ಪಾಲಿಗೆ ಅದು ಮೂರನೆಯ ಸಲವಲ್ಲ, ಮೊದಲನೆಯ ಸಲ. ನನ್ನ ನಗು ಅಲ್ಲಿಗೆ ನಿಂತಿತು, ಬೆಲೆ ದುಬಾರಿ ಎಂಬ ಅಭಿಪ್ರಾಯ ಮಾತ್ರ ಉಳಿದಿದೆ. 2017ರ ‘ಹೊರೈಜನ್ ಜೀರೊ ಡಾನ್’ 2024ರಲ್ಲಿ ರೀಮಾಸ್ಟರ್ ಆದಾಗ ಹಳೆಯದನ್ನು ಕೊಂಡವರಿಂದ 10 ಡಾಲರ್ ಮಾತ್ರ ಪಡೆದದ್ದು ಒಪ್ಪತಕ್ಕ ಕ್ರಮ. ಏಳೇ ವರ್ಷದ, ಇನ್ನೂ ಕಣ್ಣಿಗೆ ತಂಪಾಗಿಯೇ ಇದ್ದ ಆಟಕ್ಕೆ ರೀಮಾಸ್ಟರ್ ಏಕೆ ಬೇಕಿತ್ತೆಂಬುದು ಬೇರೆ ಪ್ರಶ್ನೆ. ಅದನ್ನು ನಾನಂತೂ ಮತ್ತೆ ಆಡಲಾರೆ.

ತಮ್ಮಲ್ಲಿ ನನ್ನದೊಂದು ಕೋರಿಕೆಯಿದೆ. ತಂತ್ರಜ್ಞಾನ ಪುಟದಲ್ಲಿ ಮುಂದೆ ಯಾವುದಾದರೂ ರೀಮಾಸ್ಟರ್ ಆಟದ ವಿಮರ್ಶೆ ಬಂದಾಗ, ಚಿತ್ರ ಎಷ್ಟು ನುಣುಪಾಗಿದೆ ಎಂಬುದರ ಜೊತೆಗೆ, ಹಳೆಯ ಆವೃತ್ತಿ ಇಂದಿಗೂ ಕೊಳ್ಳಲು ಸಿಗುತ್ತದೆಯೇ, ಆಟದೊಳಗೇ ಹಳೆಯ ಚಿತ್ರಕ್ಕೂ ಹಳೆಯ ಕಂಟ್ರೋಲಿಗೂ ಬದಲಿಸಿಕೊಳ್ಳಬಹುದೇ, ಮೂಲವನ್ನು ಈಗಾಗಲೇ ಕೊಂಡವರು ಎಷ್ಟು ತೆರಬೇಕು ಎಂಬುದನ್ನೂ ವಿಮರ್ಶಕರು ದಯವಿಟ್ಟು ಬರೆಯಲಿ. ನಾಲ್ಕು ಸಾಲಿನ ಜಾಗ ಸಾಕು. ಆ ನಾಲ್ಕು ಸಾಲು ಇದ್ದಿದ್ದರೆ ನಾನು ಈಚೆಗೆ ಎರಡು ಆಟಗಳನ್ನು ಕೊಳ್ಳುತ್ತಿರಲಿಲ್ಲ, ಒಂದನ್ನು ಇನ್ನೂ ಬೇಗ ಕೊಳ್ಳುತ್ತಿದ್ದೆ.

ಇತಿ,
ತಮ್ಮ ಓದುಗ,
ಕನ್ನಡ ಉಪನ್ಯಾಸಕ, ಶಿವಮೊಗ್ಗ